ತಾಯಿ ಕಾರ್ಡಿನ ‘ಮೊ’

ದಾವಣಗೆರೆ ಜೈಲು
18 ಜುಲೈ 2024

ತನುಶ್ರೀಗೆ ಬಕ್ಕೇಶ ಬರೆಯುವುದು.

ಕ್ಷೇಮ ಕೇಳುವಷ್ಟು ಒಳ್ಳೆಯ ಮನಸ್ಸು ಈಗ ನನಗಿಲ್ಲ, ಹೇಳಿಕೊಳ್ಳುವಷ್ಟು ಕ್ಷೇಮವೂ ಇಲ್ಲ. ಒಳಗೆ ಬಂದು ಇವತ್ತಿಗೆ ಹತ್ತು ದಿನ. ಪಾದದ ಮೇಲೆ ಸಾಂಬಾರು ಬಿದ್ದು ಸುಟ್ಟದ್ದು ಇನ್ನೂ ಕೀವು ಕಟ್ಟುತ್ತಿದೆ. ಅಂಗನವಾಡಿಯಲ್ಲಿ ಊಟಕ್ಕೆ ಕೂತಿದ್ದ ಆ ಫಕ್ರುನ್ನೀಸಾ ತುಂಬು ಬಸುರಿ ಅಂತ ಬಿಟ್ಟೆ. ಇಲ್ಲದಿದ್ದರೆ ನನ್ನ ಮೇಲೆ ಪಾತ್ರೆ ಎತ್ತಿ ಸುರಿದ ಆ ಕೈಯನ್ನೂ ಅಲ್ಲೇ ಮುರಿಯುತ್ತಿದ್ದೆ.

ಒಂದು ಮಾತು ಕೇಳುತ್ತೇನೆ. ನಮ್ಮ ಮನೆಯಲ್ಲಿ ನಿನಗೆ ಏನು ಕಡಿಮೆಯಾಗಿತ್ತು? ಅಜ್ಜನ ಕಾಲದಿಂದ ಹರಿಹರದಲ್ಲಿ ನಮ್ಮದು ಅಕ್ಕಿ ಅಂಗಡಿ. ಅಪ್ಪ ವಾಮದೇವಪ್ಪ ಬೀದಿಯಲ್ಲಿ ಬಂದರೆ ಜನ ಎದ್ದು ನಿಲ್ಲುತ್ತಾರೆ. ಅವರ ಸೊಸೆ ಮಧ್ಯಾಹ್ನವಾದರೆ ಸೆರಗಿನಲ್ಲಿ ತಟ್ಟೆ ಮುಚ್ಚಿಕೊಂಡು ಅಂಗನವಾಡಿಗೆ ಹೋಗಿ, ಬಸುರಿಯರಿಗೆ ಸರ್ಕಾರ ಹಾಕುವ ಊಟಕ್ಕೆ ಸಾಲಿನಲ್ಲಿ ಕೂಡುತ್ತಾಳೆ ಅಂದರೆ ನಮ್ಮ ಮುಖ ಎಲ್ಲಿಡುವುದು? ಹೋಗಲಿ, ಅನ್ನ ಸಾರು ಉಂಡಿದ್ದರೆ ನುಂಗಿಕೊಳ್ಳುತ್ತಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೊಟ್ಟೆ ತಿಂದೆಯಲ್ಲ! ನಿನ್ನ ತಾಯಿ ಕಾರ್ಡಿನ ಹಿಂದೆ ಆ ಟೀಚರ್ ನಾಗರತ್ನಮ್ಮ ದಿನದಿನವೂ ತಾರೀಕು ಹಾಕಿ ‘ಮೊ’, ‘ಮೊ’ ಅಂತ ಬರೆದಿದ್ದಾಳೆ. ಇಪ್ಪತ್ತಾರು ದಿನ. ಇದೇನು ಅಂತ ಕೇಳಿದರೆ ಏನಂದೆ? “ತಿಂದ್ರೆ ಏನ್ ಮಾಡ್ತೀರಿ?” ಅಂದೆ. ಆ ಒಪ್ಪಿಗೆ ಕೇಳಿದ ಮೇಲೆ ನನ್ನ ರಕ್ತ ನನ್ನ ಕೈಯಲ್ಲಿರಲಿಲ್ಲ.

ಅಂಗಡಿಯಿಂದ ಮೂಟೆ ಎಳೆಯುವ ಕೊಕ್ಕೆ ತಗೊಂಡು ಅಂಗನವಾಡಿಗೆ ಹೋದದ್ದು ಆ ಟೀಚರನ್ನು ಹೆದರಿಸಲಿಕ್ಕೆ. ಆಕೆ ಕೈ ಅಡ್ಡ ತಂದಳು. ಕೊಕ್ಕೆ ಸಿಕ್ಕಿಕೊಂಡಿತು. ನಾನು ಎಳೆದೆ, ಅಷ್ಟೆ. ಪೊಲೀಸರು ಕೊಲೆ ಯತ್ನ ಅಂತ ಬರೆದು ಕೂತಿದ್ದಾರೆ, ಜಾಮೀನು ಸಿಗಲಿಲ್ಲ.

ಇನ್ನೆಲ್ಲ ನಿನ್ನ ಕೈಯಲ್ಲಿದೆ ಅನ್ನುತ್ತಾರೆ ನಮ್ಮ ವಕೀಲರು. ನಿನ್ನನ್ನು ನ್ಯಾಯಾಧೀಶರ ಮುಂದೆ ಕರೆಯುತ್ತಾರೆ. “ಬೇಡ ಬೇಡ ಅಂದರೂ ಟೀಚರ್ ಬಲವಂತ ಮಾಡಿ ಮೊಟ್ಟೆ ತಿನ್ನಿಸಿದಳು, ತಿನ್ನದಿದ್ದರೆ ಸರ್ಕಾರದ ಸವಲತ್ತು ತಪ್ಪಿಸುತ್ತೇನೆ ಅಂದಳು” ಅಂತ ನೀನು ಹೇಳಬೇಕು. ಹೇಳಿದರೆ ನಾನು ಹೊರಗೆ, ಹೇಳದಿದ್ದರೆ ಹತ್ತು ವರ್ಷ ಒಳಗೆ. ಹುಟ್ಟುವ ಮಗು ಅಪ್ಪನನ್ನು ಕಂಬಿಯ ಹಿಂದೆ ನೋಡಬೇಕೋ ಬೇಡವೋ ನೀನೇ ಯೋಚಿಸು.

ನಿನಗೆ ಬಿದ್ದದ್ದು ಎರಡೇ ಏಟು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಅದನ್ನು ಯಾರ ಮುಂದೆಯೂ ಎತ್ತಬೇಡ.

ಬಕ್ಕೇಶ


ಹರಿಹರ
2 ಆಗಸ್ಟ್ 2024

ಪೂಜ್ಯರಿಗೆ ತನುಶ್ರೀಯ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಅತ್ತೆಯವರು ಓದಿ ಆಮೇಲೆ ನನಗೆ ಕೊಟ್ಟರು. ಈ ಪತ್ರವನ್ನೂ ಅವರೇ ಓದಿ ಅಂಚೆಗೆ ಹಾಕಿಸುತ್ತಾರೆ. ಈಗ ಪಕ್ಕದಲ್ಲೇ ಕೂತಿದ್ದಾರೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಂಗಡಿಯನ್ನು ಮಾವನವರು ನೋಡಿಕೊಳ್ಳುತ್ತಿದ್ದಾರೆ. ನನ್ನ ತುಟಿಯ ಹೊಲಿಗೆ ಬಿಚ್ಚಿದರು. ನನ್ನ ಫೋನು ಅತ್ತೆಯವರ ಬೀರುವಿನಲ್ಲಿ ಭದ್ರವಾಗಿದೆ. ಪೊಲೀಸರು ನಕಲು ಮಾಡಿಕೊಂಡು ವಾಪಸು ಕೊಟ್ಟ ತಾಯಿ ಕಾರ್ಡೂ ಅಲ್ಲೇ ಇದೆ. ನಾನು ಈಗ ಅಂಗನವಾಡಿಗೆ ಹೋಗುವುದಿಲ್ಲ. ಎಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆ ಒಂದು ರೊಟ್ಟಿ, ರಾತ್ರಿ ಒಂದು ಹಿಡಿ ಅನ್ನ, ಅತ್ತೆಯವರು ಹೊತ್ತಿಗೆ ಸರಿಯಾಗಿ ಕೊಡುತ್ತಾರೆ.

ಪೊಲೀಸರು ಕೇಳಿದಾಗ ನನಗೇನೂ ಗೊತ್ತಿಲ್ಲ ಅಂದೆ. ಕೋರ್ಟಿನ ಹೇಳಿಕೆಯ ಬಗ್ಗೆ ನೀವು ಬರೆದದ್ದನ್ನು ಓದಿದ್ದೇನೆ.

ಆಶಾ ಕಾರ್ಯಕರ್ತೆ ಸುಮಾ ಎರಡು ಸಲ ಬಾಗಿಲಿಗೆ ಬಂದಿದ್ದಳು. ಮಲಗಿದ್ದಾಳೆ ಅಂತ ಅತ್ತೆಯವರು ಹೇಳಿ ಕಳಿಸಿದರು. ನಾನು ಮಲಗಿರಲಿಲ್ಲ. ಅವರು ಹಾಗೆ ಹೇಳಿದ ಮೇಲೆ ಹೋಗಿ ಮಲಗಿದೆ.

ಇನ್ನೇನೂ ವಿಶೇಷವಿಲ್ಲ.

ತನುಶ್ರೀ


ದಾವಣಗೆರೆ ಜೈಲು
13 ಆಗಸ್ಟ್ 2024

ತನು,

ನಿನ್ನ ಪತ್ರ ಓದಿ ಎದೆ ತಂಪಾಯಿತು. ಈಗ ನೀನು ನಮ್ಮ ಮನೆಯ ಸೊಸೆ. ಎದುರು ಮಾತಿಲ್ಲ, ಬಾಗಿಲು ದಾಟುವುದಿಲ್ಲ, ಅವ್ವ ಕೊಟ್ಟದ್ದು ಉಂಡು ತೆಪ್ಪಗೆ ಇದ್ದೀಯ. ಮೊದಲೇ ಹೀಗಿದ್ದಿದ್ದರೆ ನಾನು ಈ ಸೊಳ್ಳೆಗಳ ಬಾಯಿಗೆ ಬೀಳುತ್ತಿದ್ದೆನೇ?

ಅವ್ವ ಊಟ ಕಡಿಮೆ ಹಾಕುತ್ತಾಳೆ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಮ್ಮಕ್ಕ ಚೊಚ್ಚಲ ಹೆರಿಗೆಯಲ್ಲೇ ಹೋದಳು, ಕೂಸು ದಪ್ಪವಾಗಿ ಅಡ್ಡ ನಿಂತಿತ್ತು. ಅಂದಿನಿಂದ ಅವ್ವನಿಗೆ ಬಸುರಿಯರು ಹೊಟ್ಟೆ ತುಂಬ ಉಂಡರೆ ಹೆದರಿಕೆ. ಆಕೆ ಮಾಡುವುದು ನಿನ್ನ ಜೀವ ಉಳಿಸಲಿಕ್ಕೆ.

ಇಲ್ಲಿ ಕರಿಯಣ್ಣ ಅಂತ ಒಬ್ಬ ಇದ್ದಾನೆ, ನನ್ನನ್ನು ‘ಮೊಟ್ಟೆ’ ಅಂತ ಕರೆಯುತ್ತಾನೆ. “ಏ ಮೊಟ್ಟೆ, ನೀರು ಬಂತು ನೋಡು” ಅನ್ನುತ್ತಾನೆ, ಇಡೀ ಬ್ಯಾರಕ್ಕು ನಗುತ್ತದೆ. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೇನೆ. ಹೊರಗೆ ಹೋದ ದಿನ ಆ ನಾಗರತ್ನಮ್ಮನ ಇನ್ನೊಂದು ಕೈಗೂ ಲೆಕ್ಕ ಚುಕ್ತಾ ಮಾಡುತ್ತೇನೆ. ಇದನ್ನು ಜೈಲಿನವರು ಓದಿದರೂ ಓದಲಿ.

ಹೇಳಿಕೆಯ ಮಾತುಗಳನ್ನು ವಕೀಲರು ಬರೆದು ಅವ್ವನ ಕೈಗೆ ಕೊಟ್ಟಿದ್ದಾರೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಬಾಯಿಪಾಠ ಮಾಡು. ಕೂಸು ಒದೆಯುತ್ತಿದೆಯಾ? ಗಂಡೇ ಇರಬೇಕು.

ಬಕ್ಕೇಶ


ಹದಡಿ
30 ಆಗಸ್ಟ್ 2024

ರೀ,

ಈ ಸಲ ಪಕ್ಕದಲ್ಲಿ ಯಾರೂ ಕೂತಿಲ್ಲ. ತವರಿನ ಪಡಸಾಲೆಯಲ್ಲಿ ಒಬ್ಬಳೇ ಇದ್ದೇನೆ, ನನ್ನವ್ವ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ. ಹಾಗಾಗಿ ಇದು ನನ್ನ ಪತ್ರ. ಹೋದ ಸಲದ್ದು ನಿಮ್ಮ ಅವ್ವನ ಪತ್ರ.

ಇಲ್ಲಿಗೆ ಹೆಂಗೆ ಬಂದೆ ಅಂತ ಕೇಳುತ್ತೀರಿ. ಹೋದ ತಿಂಗಳ ಕೊನೆಗೇ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಈ ತಿಂಗಳು ಹದಿನೇಳನೇ ತಾರೀಕು ಹಸಿವು ತಡೆಯಲಾರದೆ ಇನ್ನೊಂದು ರೊಟ್ಟಿಗೆ ಕೈ ಹಾಕಿದೆ. ನಿಮ್ಮ ಅವ್ವ ಸಾರಿನಿಂದ ಬಿಸಿ ಸವುಟು ತೆಗೆದು ಕೈ ಮೇಲೆ ಹೊಡೆದರು. ಹೊಡೆದು ತಾವೇ ಅಳತೊಡಗಿದರು. “ದೊಡ್ಡ ಕೂಸು ಬ್ಯಾಡ ನನ್ನವ್ವ, ನನ್ನ ಮಗಳು ಹಂಗೇ ಹೋದಳು” ಅಂದರು. ಅವರ ಅಳು ಸುಳ್ಳಲ್ಲ. ನನ್ನ ಕೈ ಮೇಲೆ ಎದ್ದ ಬೊಬ್ಬೆಯೂ ಸುಳ್ಳಲ್ಲ. ಅಲ್ಲೇ ಒಲೆಯ ಮುಂದೆ ಬಿದ್ದೆನಂತೆ. ಅವತ್ತೂ ನನ್ನನ್ನು ನೋಡಲು ಬಂದಿದ್ದ ಸುಮಾ ಅಕ್ಕಪಕ್ಕದವರನ್ನು ಕರೆದುಕೊಂಡು ಬಂದು ಬಾಗಿಲು ಬಡಿದು, ಗಾಡಿ ಕರೆಸಿ ದಾವಣಗೆರೆಯ ಆಸ್ಪತ್ರೆಗೆ ಹಾಕಿದಳು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೇ ಇತ್ತಂತೆ. ಎರಡು ಬಾಟಲಿ ಬೇರೆಯವರ ರಕ್ತ ಹಾಕಿದ್ದಾರೆ, ಯಾವ ಜಾತಿಯದೋ ಕೇಳಲಿಲ್ಲ. ಕಾರ್ಡು ಬೇಕು ಅಂತ ಡಾಕ್ಟರು ಗದರಿಸಿದ ಮೇಲೆ ನಿಮ್ಮ ಅಪ್ಪ ಬೀರು ತೆಗೆದು ಕೊಟ್ಟರು. ಆಸ್ಪತ್ರೆಯಿಂದ ನಾನು ನೇರ ಇಲ್ಲಿಗೆ ಬಂದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಬರೆದಿದ್ದಿರಿ. ಅದಕ್ಕೆ ಉಣ್ಣಬೇಕಲ್ಲ, ನನಗೆ ಉಣ್ಣಲಿಕ್ಕೆ ಯಾರು ಕೊಟ್ಟರು? ಅಟ್ಟದ ತುಂಬ ಅಕ್ಕಿ ಮೂಟೆ ಇದ್ದ ಮನೆಯಲ್ಲಿ ನಾನು ಹಸಿದಿದ್ದೆ. ಅದಕ್ಕೇ ಅಂಗನವಾಡಿಗೆ ಹೋದೆ. ಮೊದಲ ದಿನ ನಾಚಿಕೆಯಿಂದ ತಟ್ಟೆ ನೋಡದೆ ಉಂಡೆ. ಎರಡನೇ ದಿನ ಇನ್ನಷ್ಟು ಹಾಕಿ ಅಂತ ಬಾಯಿ ಬಿಟ್ಟು ಕೇಳಿದೆ. ನಾಗರತ್ನಮ್ಮ ನನ್ನ ಮುಖ ನೋಡಿದರು. ಮತ್ತೆ ಬಡಿಸಿದರು.

ಈಗ ಕೂತು ಓದಿ. ನಾನು ಮೊಟ್ಟೆ ತಿಂದಿಲ್ಲ. ಒಂದು ದಿನವೂ ಇಲ್ಲ. ಮೊಟ್ಟೆ ತಿನ್ನದ ಬಸುರಿಯರಿಗೆ ಬದಲಿಗೆ ಮೊಳಕೆ ಬಂದ ಹೆಸರುಕಾಳು ಕೊಡುತ್ತಾರೆ. ರಕ್ತ ಕಡಿಮೆ ಇದ್ದವರು ಏನೇನು ತಿಂದರು ಅಂತ ಡಾಕ್ಟರಿಗೆ ತೋರಿಸಲು ಟೀಚರ್ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಮೊಟ್ಟೆ ತಿಂದವರಿಗೆ ಒಂದು ಸೊನ್ನೆ, ನೋಡಲಿಕ್ಕೆ ಮೊಟ್ಟೆಯ ಹಾಗೇ ಇರುತ್ತದೆ ಅಂತ. ಕಾಳು ತಿಂದವರಿಗೆ ‘ಮೊ’. ಮೊಳಕೆ ಕಾಳಿನ ‘ಮೊ’. ಟೀಚರ್ ಇದನ್ನು ಪೊಲೀಸರಿಗೂ ಹೇಳಿದ್ದಾರೆ, ನಿಮ್ಮ ವಕೀಲರು ಕಟ್ಟುಕತೆ ಅಂದರಂತೆ.

ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಅನ್ನುತ್ತೀರಿ. ಹೇಳಲಿಕ್ಕೆ ಬಾಯಿ ತೆಗೆದಿದ್ದೆ. ನೀವು ಮೊದಲು ಹೊಡೆದಿರಿ, ಆಮೇಲೆ ಕೇಳಿದಿರಿ. ತುಟಿ ಹರಿದು ಬಾಯಲ್ಲಿ ರಕ್ತ ತುಂಬಿತ್ತು. ಆರು ತಿಂಗಳ ಬಸುರಿಯ ಮುಖಕ್ಕೆ ಹೊಡೆದವರಿಗೆ ನಾನು ಮೊಳಕೆ ಕಾಳಿನ ಸಾಕ್ಷಿ ಕೊಡಬೇಕಾ ಅಂತ ಸಿಟ್ಟು ಬಂತು. “ತಿಂದ್ರೆ ಏನ್ ಮಾಡ್ತೀರಿ?” ಅಂದೆ. ಅದನ್ನು ನೀವು ಒಪ್ಪಿಗೆ ಅಂತ ಓದಿದಿರಿ. ಅದು ಪ್ರಶ್ನೆ ಕಣ್ರೀ. ಉತ್ತರವನ್ನು ನಾಗರತ್ನಮ್ಮನ ಮೈ ಮೇಲೆ ಬರೆದಿರಿ.

ನಿಮ್ಮ ಹಿಂದೆ ಬರಿಗಾಲಲ್ಲಿ ಓಡಿ ಬಂದೆ. ಅಂಗನವಾಡಿಯ ಬಾಗಿಲಲ್ಲಿ ನಿಂತು “ಮೊಳಕೆ ಕಾಳು ರೀ” ಅಂತ ಕೂಗಿದೆ. ಮಕ್ಕಳ ಕಿರುಚಾಟದಲ್ಲಿ ನಿಮಗೆ ಕೇಳಿಸಲಿಲ್ಲ. ನೀವು ಆಗ ಮೊಟ್ಟೆಗಳನ್ನು ಒಂದೊಂದಾಗಿ ತುಳಿಯುತ್ತಿದ್ದಿರಿ. ಕೊಕ್ಕೆ ಎತ್ತಿದಾಗ ಎದುರಿಗಿದ್ದದ್ದು ಟೀಚರ್ ಅಲ್ಲ, ಫಕ್ರುನ್ನೀಸಾಳ ಹೊಟ್ಟೆ. ಅದಕ್ಕೆ ಅಡ್ಡವಾಗಿ ಟೀಚರ್ ಕೈ ಕೊಟ್ಟರು. ಎಳೆದೆ ಅಷ್ಟೆ ಅಂತ ಬರೆದಿದ್ದೀರಲ್ಲ, ನೀವು ಎಳೆದಾಗ ಮುಂಗೈಯಿಂದ ಮೊಣಕೈ ತನಕ ಮಾಂಸ ಬಿಚ್ಚಿಕೊಂಡಿತು. ಒಳಗಿನ ಬಿಳಿ ಮೂಳೆಯನ್ನು ನಾನು ನೋಡಿದೆ. ಆಮೇಲೆ ಹಿಡಿಕೆಯಿಂದ ಕಿವಿಯ ಮೇಲೆ ಎರಡು ಸಲ ಹೊಡೆದಿರಿ. ಅದು ನಿಮ್ಮ ಪತ್ರದಲ್ಲಿ ಇಲ್ಲ.

ಕೂಸು ಒದೆಯುತ್ತಿದೆ. ಏಳು ತಿಂಗಳು ತುಂಬಿದವು, ಅಳತೆಗೆ ಚಿಕ್ಕದಂತೆ. ನಿಮ್ಮ ಅವ್ವನಿಗೆ ಹೇಳಿ, ಸಂತೋಷಪಡಲಿ.

ತನುಶ್ರೀ


ದಾವಣಗೆರೆ ಜೈಲು
12 ಸೆಪ್ಟೆಂಬರ್ 2024

ನನ್ನ ತನು,

ನಿನ್ನ ಪತ್ರವನ್ನು ಹತ್ತು ಸಲ ಓದಿದೆ. ಓದಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ. ನೀನು ಮೊಟ್ಟೆ ತಿಂದಿಲ್ಲ! ನನ್ನ ತನು ಕೆಟ್ಟಿಲ್ಲ! ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದ ಹಾಗಾಯಿತು. ನಿನ್ನ ಮೇಲೆ ಅನುಮಾನ ಪಟ್ಟ ಈ ಪಾಪಿಯನ್ನು ಕ್ಷಮಿಸು.

ವಕೀಲರಿಗೂ ಹೇಳಿ ಕಳಿಸಿದೆ. ಇದು ಇನ್ನೂ ಒಳ್ಳೆಯದಾಯಿತು ಅಂದರು. ಬಲವಂತದ ಮಾತು ಈಗ ಬೇಡ, ನಿಜವನ್ನೇ ಹೇಳಿದರೆ ಸಾಕು. ಒಂದು ಅಕ್ಷರ ನೋಡಿ ಗಂಡ ತಪ್ಪು ತಿಳಿದ, ಮೊಳಕೆ ಅಂತ ಗೊತ್ತಿದ್ದಿದ್ದರೆ ಖಂಡಿತ ಕೈ ಎತ್ತುತ್ತಿರಲಿಲ್ಲ, ಧರ್ಮಕ್ಕೆ ಅಂಜುವ ಮನುಷ್ಯ ಅಂತ ನೀನು ಹೇಳು. ನಾಗರತ್ನಮ್ಮನ ಕಾಲು ಹಿಡಿಯಲಿಕ್ಕೂ ನಾನು ತಯಾರು. ತಪ್ಪು ಓದಿದ್ದು ನನ್ನದೇ ತಪ್ಪು ಅಂತ ಹೇಳುತ್ತೇನೆ. ಪೂರ್ತಿ ಬರೆಯದೆ ಅರ್ಧ ಬರೆದದ್ದು ಆಕೆಯದೂ ತಪ್ಪು, ಇರಲಿ.

ನಾನೀಗ ಬೇರೆಯೇ ಮನುಷ್ಯ. ಬೆಳಗಾದರೆ ಪೂಜೆ, ಯಾರ ಗೊಡವೆಗೂ ಹೋಗುವುದಿಲ್ಲ. ಕರಿಯಣ್ಣನ ಜೊತೆ ಕೂತು ಚಹಾ ಕುಡಿಯುತ್ತೇನೆ. ಈ ಕೈ ಇನ್ನು ಇರುವೆಯ ಮೇಲೂ ಏಳುವುದಿಲ್ಲ. ಕೂಸಿಗೆ ತೊಟ್ಟಿಲು ಮಾಡಿಸಲು ಅಪ್ಪನಿಗೆ ಹೇಳಿದ್ದೇನೆ. ಹೆಣ್ಣಾದರೂ ಸರಿ. ಹೊರಗೆ ಬಂದ ದಿನ ನಾನೇ ಹದಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ನಿನ್ನ ಬಕ್ಕೇಶ


ದಾವಣಗೆರೆ ಜೈಲು
21 ಅಕ್ಟೋಬರ್ 2024

ತನುಶ್ರೀಗೆ,

ನಲವತ್ತು ದಿನವಾಯಿತು, ಒಂದು ಸಾಲು ಬರೆಯಲಿಲ್ಲ ನೀನು. ನನಗೆ ಮಗಳು ಹುಟ್ಟಿದ್ದು ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ. ನನಗೆ ತಿಳಿದದ್ದು ಮೊನ್ನೆ, ಅಪ್ಪ ಭೇಟಿಗೆ ಬಂದಾಗ. ನಿನ್ನ ತವರಿನವರು ನಮ್ಮ ಅವ್ವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದರಂತೆ. ಅಷ್ಟು ಕೊಬ್ಬಾ?

ನೀನು ಹೇಳಿಕೆಗೆ ನಮ್ಮ ವಕೀಲರ ಹತ್ತಿರ ಮಾತಾಡುವುದಿಲ್ಲ ಅಂದೆಯಂತೆ. ಸರ್ಕಾರಿ ವಕೀಲರನ್ನು ನೋಡಿ ಬಂದೆಯಂತೆ. ನಾನು ಕಾಲಿಗೆ ಬಿದ್ದ ಹಾಗೆ ಬರೆದೆ, ಅದಕ್ಕೆ ತಲೆ ಮೇಲೆ ಹತ್ತಿ ಕೂತೆಯಲ್ಲ. ಕೇಳಿಸಿಕೋ. ಹತ್ತಲ್ಲ, ಇಪ್ಪತ್ತು ವರ್ಷ ಆಗಲಿ, ಒಂದು ದಿನ ಈ ಬಾಗಿಲು ತೆರೆಯುತ್ತದೆ. ಅವತ್ತು ಹದಡಿಯ ಬೀದಿಯಲ್ಲಿ ನಿನ್ನ ಕೂದಲು ಹಿಡಿದು ಎಳೆಯುತ್ತೇನೆ. ನನ್ನ ಮಗುವನ್ನು ಎತ್ತಿಕೊಂಡು ಹೋಗುತ್ತೇನೆ. ಯಾರು ಅಡ್ಡ ಬರುತ್ತಾರೋ ಬರಲಿ, ಅವರ ಕೈಯೂ ಆ ಟೀಚರಿನ ಕೈ ಹಾಗೇ ಆಗುತ್ತದೆ.

ನವೆಂಬರ್ ಇಪ್ಪತ್ತು ನಿನ್ನ ಹೇಳಿಕೆ. ಅಷ್ಟರೊಳಗೆ ಉತ್ತರ ಬರೆ.

ಬಕ್ಕೇಶ


ಹದಡಿ
18 ನವೆಂಬರ್ 2024

ಬಕ್ಕೇಶರಿಗೆ,

ಗಂಡನ ಹೆಸರು ಹಿಡಿದರೆ ಆಯಸ್ಸು ಕಡಿಮೆ ಅನ್ನುತ್ತಾರೆ. ಯಾರ ಆಯಸ್ಸು ಅಂತ ನಮ್ಮವ್ವನನ್ನು ಕೇಳಿದೆ, ಆಕೆಗೂ ಗೊತ್ತಿಲ್ಲ. ಹಾಗಾಗಿ ಹಿಡಿದಿದ್ದೇನೆ.

ಕೂಸು ಆರು ವಾರ ಮೊದಲೇ ಹುಟ್ಟಿತು. ಒಂದು ಕೆ.ಜಿ. ಎಂಟುನೂರು ಗ್ರಾಂ. ನಿಮ್ಮ ಅಂಗಡಿಯ ತಕ್ಕಡಿಯಲ್ಲಿ ಎರಡು ಕೆ.ಜಿ. ಕಲ್ಲು ಮೇಲೇಳುತ್ತಿರಲಿಲ್ಲ. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಉಳಿಯುತ್ತದೆ ಅಂತ ಯಾರೂ ಹೇಳಲಿಲ್ಲ, ಉಳಿಯಿತು. ನಿಮ್ಮ ಅವ್ವ ಹೊಸ್ತಿಲಲ್ಲಿ ನಿಂತದ್ದು ನಿಜ. ಆಕೆ ಕೂಸನ್ನು ನೋಡಿ “ಇಷ್ಟು ಸಣ್ಣದು ಬೇಕಂದಿರಲಿಲ್ಲ ನಾನು” ಅಂತ ಅಂದು, ತಾವೇ ತಿರುಗಿ ಹೋದರು. ಯಾರೂ ಕಳಿಸಲಿಲ್ಲ.

ನಿಮ್ಮ ಸೆಪ್ಟೆಂಬರಿನ ಪತ್ರವನ್ನು ಆ ಬೆಂಚಿನ ಮೇಲೆ ಕೂತು ದಿನಾ ಓದುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಮನಸ್ಸು ಕರಗಿತ್ತು. ಕೂಸಿಗೆ ಅಪ್ಪ ಬೇಕು ಅನ್ನಿಸಿತ್ತು. ಅಕ್ಷರದ ತಪ್ಪು ಅಂತ ಹೇಳಿ ಬಿಡಿಸಿಕೊಂಡು ಬರೋಣ ಅಂತ ಎರಡು ದಿನ ಗಟ್ಟಿಯಾಗಿ ಅಂದುಕೊಂಡೆ. ಆಮೇಲೆ ನಿಮ್ಮ ಅಪ್ಪ ಕೂಸು ನೋಡಲು ಆಸ್ಪತ್ರೆಗೆ ಬಂದರು. ಪಾಪ, ಮಾತಿನ ಮಧ್ಯೆ ಬಾಯಿ ತಪ್ಪಿ, ನೀವು ಕರಿಯಣ್ಣನ ಎರಡು ಹಲ್ಲು ಉದುರಿಸಿದ್ದಕ್ಕೆ ಭೇಟಿ ನಿಲ್ಲಿಸಿದ್ದಾರೆ ಅಂದರು. ಯಾವತ್ತು ಅಂತ ಕೇಳಿದೆ. ಸೆಪ್ಟೆಂಬರ್ ಹನ್ನೆರಡು ಅಂದರು. ಈ ಕೈ ಇರುವೆಯ ಮೇಲೂ ಏಳುವುದಿಲ್ಲ ಅಂತ ಬರೆದ ತಾರೀಕೂ ಅದೇ.

ಆವತ್ತು ಆ ಪತ್ರವನ್ನು ಮತ್ತೊಮ್ಮೆ ಓದಿದೆ. ಎಲ್ಲ ಇದೆ ಅದರಲ್ಲಿ. ತಪ್ಪು ಓದಿದ್ದಕ್ಕೆ ಅಳು ಇದೆ, ಅನುಮಾನಪಟ್ಟಿದ್ದಕ್ಕೆ ಕ್ಷಮೆ ಇದೆ. ಹೊಡೆದದ್ದಕ್ಕೆ ಒಂದು ಸಾಲಿಲ್ಲ. ಮೊಳಕೆ ಅಂತ ಗೊತ್ತಿದ್ದಿದ್ದರೆ ಹೊಡೆಯುತ್ತಿರಲಿಲ್ಲ ಅಂದಿರಿ. ಹಾಗಾದರೆ ಮೊಟ್ಟೆಯೇ ಆಗಿದ್ದರೆ ಆ ಕೈ ಹರಿದದ್ದು ಸರಿಯಾ? ನನ್ನ ತುಟಿ ಒಡೆದದ್ದು ಸರಿಯಾ? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಅದು ಯಾರ ಮೂಗು, ಏನು ತಿನ್ನುತ್ತಿದ್ದರು ಅನ್ನುವುದು ಆಮೇಲಿನ ಮಾತು.

ನಿನ್ನೆ ಕೂಸನ್ನು ಎತ್ತಿಕೊಂಡು ದಾವಣಗೆರೆಗೆ ಹೋದೆ. ನಾಗರತ್ನಮ್ಮ ಈಗ ಕೆ.ಬಿ. ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಬಲಗೈ ಬಾಗುವುದಿಲ್ಲ, ಬೆರಳು ಮುಚ್ಚುವುದಿಲ್ಲ. ಆ ಕಡೆಯ ಕಿವಿ ಕೇಳುವುದಿಲ್ಲ. ನಾನು ಬಾಗಿಲಲ್ಲೇ ನಿಂತೆ. ಅವರು “ಬರ್ರಿ, ಕೂಡ್ರಿ, ಕೂಸಿನ ಕಾಲು ಯಾಕ ಹಿಂಗ ತಣ್ಣಗೈತೆ?” ಅಂತ ಮೊದಲು ಕೂಸಿನ ಪಾದ ಮುಟ್ಟಿ ನೋಡಿದರು. ಫಕ್ರುನ್ನೀಸಾಳಿಗೆ ಗಂಡು ಕೂಸು ಆಗಿದೆಯಂತೆ, ಮೂರು ಕೆ.ಜಿ. ಅದನ್ನು ಹೇಳುವಾಗ ಅವರ ಮುಖ ಅರಳಿತು.

ನಾನು ತಡೆಯಲಾರದೆ ಹೇಳಿಬಿಟ್ಟೆ. ನನ್ನ ನಾಲಿಗೆಯಿಂದ ನಿಮ್ಮ ಕೈ ಹೋಯಿತು ಟೀಚರ್, ಕಾಳು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು, ತಿಂದರೆ ಏನು ಮಾಡ್ತೀರಿ ಅಂತ ಕೇಳಿದೆ ಅಂದೆ. ಅವರು ಕೂಸಿನ ಪಾದಕ್ಕೆ ಸೆರಗು ಹೊದಿಸಿದರು. ಕೇಳಿಸಲಿಲ್ಲವೇನೋ ಅಂದುಕೊಂಡೆ. ಆಮೇಲೆ ಅವರು ಅಂದದ್ದು ಇಷ್ಟು: “ಕೇಳಿದ್ದು ತಪ್ಪಲ್ಲ ಬಿಡ್ರಿ. ಹೊಡೆದೋನು ಹೊಡೆದ.”

ರಕ್ತ ಇನ್ನೂ ಕಡಿಮೆ ಇದೆ, ಹಾಲು ಸಾಲುತ್ತಿಲ್ಲ ಅಂದಾಗ ಅವರು ಕಾರ್ಡು ಕೇಳಿದರು. ಹಿಂದೆ ತಿರುಗಿಸಿ ತಾವೇ ಬರೆದ ‘ಮೊ’ಗಳನ್ನು ನೋಡಿ ಕೆಳಗಿಟ್ಟರು. ಕಾಳು ನೆನೆಸಿಲ್ಲ ಇವತ್ತು, ಅನ್ನ ಹಾಕ್ತೀನಿ ಇರ್ರಿ ಅಂದರು. ಒಲೆಯ ಮೇಲೆ ಮೊಮ್ಮಗಳಿಗೆ ಅಂತ ಮೊಟ್ಟೆ ಬೇಯುತ್ತಿತ್ತು. ಅದೇ ಒಂದು ಕೊಡಿ ಅಂದೆ. “ಬ್ಯಾಡ ತಾಯಿ, ನಿಮ್ಮ ಮಂದಿ ತಿನ್ನಂಗಿಲ್ಲ, ಮತ್ತ ಒಂದು ಆಗೋದು ಬ್ಯಾಡ” ಅಂದರು. ಅಷ್ಟು ದಿನ ನನಗೆ ಬಡಿಸಿದ ಮನುಷ್ಯೆ ಒಂದು ಮೊಟ್ಟೆಗೆ ಹೆದರಿ ಬಾಗಿಲ ಕಡೆ ನೋಡಿದರು. ಆ ಹೆದರಿಕೆಯನ್ನು ಅವರ ಮನೆಯಲ್ಲಿ ಬಿಟ್ಟು ಬರಲು ನನಗೆ ಆಗಲಿಲ್ಲ. ಕೊಡಿ ಅಂತ ಮತ್ತೆ ಕೇಳಿದೆ.

ಎಡಗೈಯಲ್ಲೇ ಸುಲಿದರು. ಮೊಟ್ಟೆಯನ್ನು ಎದೆಗೆ ಒತ್ತಿ ಹಿಡಿದು ಹೆಬ್ಬೆರಳಿನಿಂದ ಸಿಪ್ಪೆ ತೆಗೆದರು. ಬಹಳ ಹೊತ್ತು ಹಿಡಿಯಿತು. ನಾನು ಕೊರಳಿನ ಲಿಂಗವನ್ನು ಮುಟ್ಟಿಕೊಂಡು ತಿಂದೆ. ಮೊದಲ ತುತ್ತನ್ನು ನೀರು ಕುಡಿದು ನುಂಗಿದೆ. ಎರಡನೆಯದು ತಾನೇ ಇಳಿಯಿತು. ಶಿವ ಏನೂ ಅನ್ನಲಿಲ್ಲ.

ನಾಡಿದ್ದು ಕೋರ್ಟಿನಲ್ಲಿ ಎಲ್ಲವನ್ನೂ ಹೇಳುತ್ತೇನೆ. ಹಸಿವು, ತುಟಿ, ಕೊಕ್ಕೆ, ನಾನು ಕೇಳಿದ ಪ್ರಶ್ನೆ, ನಿಮ್ಮ ಒಂದೊಂದು ಏಟು. ನಿಮ್ಮ ಪತ್ರಗಳನ್ನೂ ಕೊಡುತ್ತೇನೆ. ಕಾಳೋ ಮೊಟ್ಟೆಯೋ ಅಂತ ಕೇಳಿದರೆ ಕಾಳು ಅಂತಲೇ ಹೇಳುತ್ತೇನೆ, ಅದು ನಿಜ. ಅದರಿಂದ ನಿಮ್ಮ ಶಿಕ್ಷೆ ಏನೂ ಕಡಿಮೆಯಾಗಬಾರದು ಅಂತಲೂ ಹೇಳುತ್ತೇನೆ.

ಹೊರಡುವಾಗ ಟೀಚರ್ ಹಳೆಯ ಅಭ್ಯಾಸದಂತೆ ಕಾರ್ಡು ತೆಗೆದುಕೊಂಡು ತಾರೀಕು ಹಾಕಿ ಎಡಗೈಯಲ್ಲಿ ಸೊನ್ನೆ ಸುತ್ತಿದರು. ಸೊಟ್ಟಗಾಯಿತು, ಕೊನೆ ಸೇರಲಿಲ್ಲ. ಏನು ಅಂತ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅವರ ಕೈಯಿಂದ ಪೆನ್ಸಿಲ್ ತಗೊಂಡು ಪಕ್ಕದಲ್ಲಿ ನಾನೇ ಪೂರ್ತಿಯಾಗಿ ಬರೆದೆ: ಮೊಟ್ಟೆ.

ತನುಶ್ರೀ